ಚಿನ್ನಪ್ಪನ ಗುಡ್ಡ

ತೆಲುಗು ಗಡಿಯ ಬೇವಿನಕೋಟೆಯ ಬೆನ್ನಿಗೆ ಒಂದು ಬೋಳುಗುಡ್ಡವಿದೆ. ಅದು ಚಿನ್ನಪ್ಪನ ಗುಡ್ಡ. ಹೆಸರು ಕೇಳಿದ್ದೇ ತಡ, ಹಾರೆ ಗುದ್ದಲಿ ಹೊತ್ತು ಬರುವ ಆಸೆಬುರುಕರು ಇಂದಿಗೂ ಉಂಟು. ಊರಿನ ಹಿರಿಯರು ಅವರಿಗೆ ಕುಡಿಯಲು ನೀರು ಕೊಡುತ್ತಾರೆ, ಮರ್ಯಾದೆ ಕೊಡುವುದಿಲ್ಲ.

ಹಿಂದೆ ಒಮ್ಮೆ ಆ ಗುಡ್ಡದಲ್ಲಿ ಬೀಸುವ ಕಲ್ಲು ಕಡಿಯುವ ಕುಳ್ಳನೊಬ್ಬನಿದ್ದ. ಕೋಟೆಯವರಿಗೆಲ್ಲ ಅವನು ಬರೀ 'ಗಿಡ್ಡ'. ಹೆತ್ತವರಿಟ್ಟ ಹೆಸರು ಅವನಿಗೇ ಮರೆತುಹೋಗಿತ್ತು. ಅವನೂ ಹೆಂಡತಿ ಅನ್ನಮ್ಮನೂ ಕ್ರೈಸ್ತರಾದಾಗ ಪಾದ್ರಿ ಸ್ವಾಮಿಗಳು ಅವನಿಗೆ ಸಂತ ಪೌಲನ ಹೆಸರಿಟ್ಟರು. ರೋಮಿನವರ ಮಾತಿನಲ್ಲಿ ಪೌಲನೆಂದರೆ ಸಣ್ಣವನು. ತೆಲುಗಿನಲ್ಲಿ ಸಣ್ಣದಕ್ಕೆ ಚಿನ್ನ ಎನ್ನುವುದರಿಂದ ಆ ಸೀಮೆಯಲ್ಲಿ ಪೌಲ ಚಿನ್ನಪ್ಪನಾದ. "ಗಿಡ್ಡ ಅಂದ್ರೂ ಅದೇ, ಚಿನ್ನಪ್ಪ ಅಂದ್ರೂ ಅದೇ. ಏನು ಹೆಚ್ಚಾಯ್ತು?" ಎಂದು ಅನ್ನಮ್ಮ ಮೂಗು ಮುರಿದಳು. "ಅಪ್ಪ ಅನ್ನೋದು ಹೆಚ್ಚಾಯ್ತಲ್ಲೇ" ಎಂದ ಅವನು. ಅಂದಿನಿಂದ ಗಿಡ್ಡ ಎಂದು ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ.

ಕೋಟೆಯನ್ನು ಆಗ ಆಳುತ್ತಿದ್ದವನು ಬಡಗಣ ಕನ್ನಡ ಸೀಮೆಯಿಂದ ಬಂದ ಒಬ್ಬ ಪಾಳೆಯಗಾರ. ಮೀಸೆ ಮಾರುದ್ದ, ಬುದ್ಧಿ ಗೇಣುದ್ದವೂ ಇಲ್ಲ. ತೆಲುಗು ಕಲಿಯುವುದು ತನಗೆ ಅವಮಾನವೆಂದು ತಿಳಿದಿದ್ದ ಆ ಮಹಾಶಯ, ಚಿನ್ನಪ್ಪನೆಂಬ ಹೆಸರು ಕಿವಿಗೆ ಬಿದ್ದೊಡನೆ, ಕಲ್ಲುಕುಟಿಗನಿಗೆ ಬಂಗಾರ ಸಿಕ್ಕಿದೆಯೆಂದೇ ತೀರ್ಮಾನಿಸಿದ. ಗುಡ್ಡಕ್ಕೆ ಬಂದು "ಲೋ ಗಿಡ್ಡಾ!" ಎಂದು ಅಬ್ಬರಿಸಿದ. ಉಳಿಯ ಸದ್ದು ನಿಲ್ಲಲಿಲ್ಲ. ಆಳುಗಳು ಬೆನ್ನಿನ ಚರ್ಮ ಸುಲಿಯುವಂತೆ ಬಾರಿಸಿದರು. ಚಿನ್ನಪ್ಪ ತಿರುಗಿಯೂ ನೋಡದೆ ಕಲ್ಲು ಕಡಿಯುತ್ತಲೇ ಇದ್ದ. ಇವನು ಸತ್ತರೆ ಬಂಗಾರದ ಗುಟ್ಟೂ ಸಾಯುತ್ತದೆಂದು ಹೆದರಿದ ದೊರೆ ಕಡೆಗೆ ಹಲ್ಲು ಕಿರಿದು, "ಚಿನ್ನಪ್ಪಾ, ಎಲ್ಲಿಟ್ಟಿದ್ದೀಯಪ್ಪಾ?" ಎಂದ.

ಚಿನ್ನಪ್ಪ ಎದ್ದು ಕೈಮುಗಿದ. "ಬಂಗಾರ ಇಲ್ಲ ಬುದ್ಧಿ. ಚಿನ್ನಪ್ಪ ಅಂದ್ರೆ ಸಣ್ಣೋನು ಅಂತ."

"ಬೇಕು ಬೇಕೆಂದೇ ಯಾರಾದರೂ ಸಣ್ಣವರಾಗುತ್ತಾರೇನೋ?" ಎಂದು ದೊರೆ ನಕ್ಕ. ಅಂಥದ್ದೊಂದು ಇರಬಹುದೆಂದು ಅವನಿಗೆ ಹೊಳೆಯುವುದಾದರೂ ಹೇಗೆ? ಸೈನ್ಯವನ್ನೆಲ್ಲ ಹತ್ತಿಸಿ ಗುಡ್ಡ ಅಗೆಸತೊಡಗಿದ. ಆ ಗದ್ದಲದಲ್ಲೇ ಗಂಡಹೆಂಡಿರು ಉಳಿ ಸುತ್ತಿಗೆ ಗಂಟುಕಟ್ಟಿಕೊಂಡು ಪಕ್ಕದ ಸೀಮೆಗೆ ನಡೆದುಬಿಟ್ಟರು. ದೊರೆ ಬಂಡೆಯಿಂದ ಬಂಡೆಗೆ ಓಡುತ್ತ "ಚಿನ್ನಪ್ಪಾ, ಚಿನ್ನಪ್ಪಾ" ಎಂದು ಗೋಗರೆಯುತ್ತಲೇ ಇದ್ದ. ಆ ಕೂಗು ಕೇಳಿದ ಕುರಿಗಾಹಿಗಳೇ ಗುಡ್ಡಕ್ಕೆ ಈ ಹೆಸರಿಟ್ಟರಂತೆ. ಕಾವಲಿಲ್ಲದ ಕೋಟೆಯ ಬಾಗಿಲನ್ನು ಹಗೆಗಳು ಕಾಲಿನಿಂದ ತಳ್ಳಿ ಒಳಹೊಕ್ಕಾಗಲೂ ದೊರೆ ಗುಂಡಿಯೊಳಗೆ ಮಣ್ಣು ಕೆದರುತ್ತಿದ್ದ ಎನ್ನುತ್ತಾರೆ.

ಇಂದು ಹೋದವರಿಗೆ ಕೋಟೆಯ ಒಂದೇ ಒಂದು ಗೋಡೆ ಕಾಣಸಿಗುತ್ತದೆ. ಅದರಲ್ಲಿ ದೊರೆಯ ಬಿರುದುಗಳನ್ನು ಕೆತ್ತಿದ ಕಲ್ಲಿದೆ. ಊರ ಹೆಂಗಸರು ಅದರ ಮೇಲೆ ಬೆರಣಿ ತಟ್ಟುತ್ತಾರೆ. ಓದುವ ಆಸೆಯುಳ್ಳವರು ಬೆರಣಿ ಒಣಗುವ ತನಕ ಕಾಯಬೇಕು.