ಉಸಿರಿನ ಗೀಟು

“ಗುರುಗಳೇ, ನಮ್ಮ ರುಚಿಗೆ ಒಗ್ಗದ ಹಾಡನ್ನು ಕೇಳಿ ಫಲವೇನು?” ಎಂದು ಗುರುಪಾದ ಕೇಳಿದ.

ಬೆಳಗಿನ ಪಾಠ ಆಗಷ್ಟೇ ಮುಗಿದಿತ್ತು. ಗುರುಗಳು ತಂಬೂರಿಗೆ ಗವಸು ಹಾಕುತ್ತಿದ್ದರು. ಕೈ ನಿಲ್ಲಿಸದೆ, “ಯಾರ ಹಾಡು?” ಎಂದರು.

“ಮೌನೇಶನದು.”

ಮೌನೇಶ ಅದೇ ಚಾಪೆಯ ಮೇಲೆ ಗುರುಪಾದನ ಜೊತೆ ಏಳು ವರ್ಷ ಕುಳಿತು ಕಲಿತವನು. ಎರಡು ವರ್ಷದ ಹಿಂದೆ ಪಾಠ ಬಿಟ್ಟು ಹೋಗಿದ್ದ. ಈಗ ಅವನದೊಂದು ಪಾಪ್ ಆಲ್ಬಮ್ ಹೊರಬಂದಿತ್ತು. ಒಂಬತ್ತು ಹಾಡು, ಎಲ್ಲದಕ್ಕೂ ಯಂತ್ರದ ತಾಳ.

“ಕೇಳು ಅಂತ ಅವನೇ ಕಳಿಸಿದ. ಹಟ ಹಿಡಿದು ಪೂರ್ತಿ ಕೇಳಿದೆ. ಮೂವತ್ತೊಂದು ತಪ್ಪುಗಳಿವೆ, ಬರೆದುಕೊಂಡು ಬಂದಿದ್ದೇನೆ” ಎಂದು ಗುರುಪಾದ ಜುಬ್ಬದ ಜೇಬು ಮುಟ್ಟಿಕೊಂಡ.

“ಚೀಟಿ ಅಲ್ಲೇ ಇರಲಿ. ಕೂತುಕೋ” ಎಂದು ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಗವಾಯಿ ಇದ್ದ. ಹಾಡುವುದಕ್ಕಿಂತ ಕೇಳುವುದರಲ್ಲಿ ಅವನ ಹೆಸರು ದೊಡ್ಡದು. ಶಿಷ್ಯರು ಹಾಡುವಾಗ ಅವನು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ. ಮುಖ ನೋಡಿದರೆ ಕನಿಕರ ಬರುತ್ತದೆ, ಕನಿಕರ ಬಂದರೆ ಕಿವಿ ಮಂದವಾಗುತ್ತದೆ ಎಂಬುದು ಅವನ ನಂಬಿಕೆ. ತೊಡೆಯ ಮೇಲೆ ಒಂದು ನೋಟುಬುಕ್ಕು, ಕೈಯಲ್ಲಿ ಕೆಂಪು ಪೆನ್ಸಿಲು. ಸ್ವರ ಜಾರಿದರೆ ಒಂದು ಚುಕ್ಕೆ. ಉಸಿರು ಸಾಲದೆ ಹಾಡು ತುಂಡಾದರೆ ಒಂದು ಗೀಟು. ಹಾಡು ಮುಗಿದ ಮೇಲೆ ಶಿಷ್ಯ ಬಂದು ಆ ಪುಟವನ್ನು ನಕಲು ಮಾಡಿಕೊಳ್ಳಬೇಕು. ಬಾಯಿಬಿಟ್ಟು ಅವನು ಏನೂ ಹೇಳುತ್ತಿರಲಿಲ್ಲ. ಮೊಸರಿನಲ್ಲಿ ಕಲ್ಲು ಹುಡುಕುವುದು ಉಳಿದವರಿಗೆ ಬರೀ ಚಟ, ನಮ್ಮ ಕಸುಬಿನವರಿಗೆ ಅದೇ ಹೊಟ್ಟೆಪಾಡು.

ಅವನಿಗೆ ಒಬ್ಬಳೇ ಮಗಳು. ತಾಯಿಯಿಲ್ಲದ ಮಗು. ಅವಳ ಉಸಿರೆಂದರೆ ಅವನಿಗೆ ಹೆಮ್ಮೆ. ಹನ್ನೆರಡನೆಯ ವಯಸ್ಸಿಗೇ ಅವಳು ಕೆಳಗಿನ ‘ಸಾ’ ಹಿಡಿದರೆ, ಇವನು ಬೆರಳು ಮಡಿಸುತ್ತ ನಲವತ್ತು ಎಣಿಸುವವರೆಗೆ ಬಿಡುತ್ತಿರಲಿಲ್ಲ.

ದೊಡ್ಡವಳಾದ ಮೇಲೆ ಮಗಳು ನಗರಕ್ಕೆ ಹೋದಳು. ಗಿಟಾರು ಬಾರಿಸುವ ಗೆಳೆಯರ ಜೊತೆ ಸೇರಿ ಪಾಪ್ ಹಾಡು ಹಾಡತೊಡಗಿದಳು. ಗವಾಯಿ ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಅವಳ ಹಾಡಿನ ಮಾತು ಬಂದಾಗಲೆಲ್ಲ ನೀರು ಕುಡಿಯುವ ನೆಪ ಮಾಡಿ ಎದ್ದು ಹೋಗುತ್ತಿದ್ದ.

ಒಂದು ವರ್ಷ ಹೆಣಗಿ ಅವಳು ಒಂದು ಆಲ್ಬಮ್ ಮಾಡಿದಳು. ಹತ್ತು ಹಾಡು. ಒಂದೊಂದು ತಿಂಗಳಿಗೆ ಒಂದೊಂದು ಹಾಡಿ, ಹಾಡಿದ ಕ್ರಮದಲ್ಲಿಯೇ ಜೋಡಿಸಿದ್ದಳು. ತಂದೆಗೆ ಕಳಿಸಿ ಫೋನ್ ಮಾಡಿದಳು.

“ಅಪ್ಪಾ, ಒಂದ ಸಲ ಪೂರ್ತಿ ಕೇಳ್ರಿ. ಪೆನ್ಸಿಲ್ ಹಿಡೀಬ್ಯಾಡ್ರಿ. ಸುಮ್ಮನ ಕೇಳ್ರಿ.”

“ಪೆನ್ಸಿಲ್ ಇಲ್ದ ನನಗ ಕೇಳಾಕ ಬರೂದಿಲ್ಲವ್ವಾ” ಎಂದ ಗವಾಯಿ.

ಅದು ಜಂಬದ ಮಾತಲ್ಲ, ನಿಜವೇ. ಗೋಡೆಯ ಕಡೆ ತಿರುಗಿ ಕೂತು ಮೂರು ದಿನ ಕೇಳಿದ. ಡ್ರಮ್ಮಿನ ಸದ್ದಿಗೆ ತಲೆನೋವು ಬಂತು. ಪದಗಳಿಗೆ ಕಿವಿ ಕೊಡಲಿಲ್ಲ. ಇಂಥ ಹಾಡಿನ ಪದಗಳಲ್ಲಿ ಏನಿರುತ್ತದೆ, ಬಸ್ಸು, ಚಹಾ, ಬಾಡಿಗೆ ಕೋಣೆ ಎಂದುಕೊಂಡ. ದನಿಯೊಂದನ್ನೇ ಹಿಡಿದು ಹೋದ. ಮೊದಲ ಹಾಡಿಗೆ ಒಂದು ಗೀಟು ಬಿತ್ತು. ಮೂರನೆಯದಕ್ಕೆ ಎರಡು. ಆರನೆಯದಕ್ಕೆ ಐದು. ಕೊನೆಯದಕ್ಕೆ ಹನ್ನೊಂದು. ರೆಕಾರ್ಡಿಂಗಿನವರು ತುಂಡುಗಳನ್ನು ಎಷ್ಟೇ ನಯವಾಗಿ ಕೂಡಿಸಿದ್ದರೂ ಬೆಸುಗೆ ಅವನಿಗೆ ಕೇಳಿಸಿತು. ಕೊನೆಯ ಹಾಡಿನಲ್ಲಿ ಅವಳೊಂದು ಉದ್ದ ಸ್ವರ ಹಿಡಿದಿದ್ದಳು. ಗವಾಯಿ ಬೆರಳು ಮಡಿಸಿದ. ನಲವತ್ತು ಹಿಡಿಯುತ್ತಿದ್ದವಳು ಒಂಬತ್ತಕ್ಕೆ ಬಿಟ್ಟಳು.

ಊರೆಲ್ಲ ಆ ಹಾಡುಗಳಿಗೆ ಕುಣಿಯುತ್ತಿತ್ತು. ಹಾಡುವವಳ ಉಸಿರು ಹೋಗುತ್ತಿದೆ ಎಂಬುದು ಯಾರಿಗೂ ತಿಳಿಯಲಿಲ್ಲ. ಕೇಳಿಸಿದ್ದು ಇವನೊಬ್ಬನಿಗೆ. ಇವನಿಗೆ ಭಯವಾಗಲಿಲ್ಲ, ಕೋಪ ಬಂತು. ಒಳಗೊಳಗೆ ಒಂದಿಷ್ಟು ಸಮಾಧಾನವೂ ಆಯಿತು, ಅದನ್ನು ಮುಚ್ಚಿಡುವುದೇಕೆ? ದಿನನಿತ್ಯದ ಸಾಧನೆ ತಪ್ಪಿಸಿ ರಿಯಾಜು ಬಿಟ್ಟವರ ಗತಿ ಇಷ್ಟೇ ಎಂದುಕೊಂಡ. ಯಾವ ಹಾಡು, ಯಾವ ಸಾಲು, ಎಷ್ಟು ಗೀಟು ಎಂದು ಎಲ್ಲವನ್ನೂ ಒಂದು ಕಾಗದಕ್ಕೆ ಇಳಿಸಿ, ಕೆಳಗೆ ‘ಹಾಡುತ್ತಾ ಹಾಡುತ್ತಾ ರಾಗ’ ಎಂದು ಬರೆದು ಅಂಚೆಗೆ ಹಾಕಿದ. ‘ನರಳುತ್ತಾ ನರಳುತ್ತಾ ರೋಗ’ ಎಂಬ ಉಳಿದರ್ಧ ಎಲ್ಲರಿಗೂ ಗೊತ್ತು. ಅದನ್ನು ಅವನು ಬರೆಯಲಿಲ್ಲ. ಬರೆಯುವಾಗ ನೆನಪಿಗೂ ಬರಲಿಲ್ಲ.

ಮಗಳು ಅಳಲಿಲ್ಲ, ವಾದಿಸಲಿಲ್ಲ. ಅಪ್ಪನ ಕಿವಿಯ ಮೇಲೆ ಅವಳಿಗೆ ಪೂರ್ತಿ ನಂಬಿಕೆ. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುವುದಕ್ಕೆ ಅವಳು ಕಾರಣ ಹುಡುಕುತ್ತಿದ್ದಳು; ಅದು ಈಗ ಅಪ್ಪನ ಅಕ್ಷರದಲ್ಲೇ ಸಿಕ್ಕಿತು. ಆಸ್ಪತ್ರೆಗೆ ಹೋಗೋಣ ಎಂದ ಗೆಳತಿಗೆ ಆ ಕಾಗದ ತೋರಿಸಿ, ಇದು ರೋಗವಲ್ಲ, ರಿಯಾಜು ಕಡಿಮೆಯಾಗಿದೆ ಎಂದಳು. ದಿನವೂ ನಸುಕಿನಲ್ಲಿ ಎದ್ದು ಕೆಳಗಿನ ‘ಸಾ’ ಹಿಡಿಯತೊಡಗಿದಳು. ಐದು ತಿಂಗಳು ಹಿಡಿದಳು. ಆರನೆಯ ತಿಂಗಳು ಒಂದು ಬೆಳಿಗ್ಗೆ ತಂಬೂರಿಯ ಪಕ್ಕದಲ್ಲೇ ಬಿದ್ದಿದ್ದಳು.

ಗವಾಯಿ ಆಸ್ಪತ್ರೆಗೆ ಓಡಿಬಂದ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಹೃದಯದ ಕವಾಟವನ್ನು ಕೆಡಿಸಿಹೋಗಿದೆ, ಅದು ಈಗ ಕಿರಿದಾಗಿ ಎದೆಯಲ್ಲಿ ನೀರು ತುಂಬಿದೆ ಎಂದರು ವೈದ್ಯರು. ಉಸಿರು ಯಾವಾಗಿನಿಂದ ಕಡಿಮೆಯಾಗುತ್ತ ಬಂತು ಎಂದು ಕೇಳಿದರು. ಗವಾಯಿ ಚೀಲದಿಂದ ನೋಟುಬುಕ್ಕು ತೆಗೆದುಕೊಟ್ಟ. ಯಾವ ತಿಂಗಳ ಹಾಡಿಗೆ ಎಷ್ಟು ಗೀಟು ಎಂದು ವಿವರಿಸಿದ. ವೈದ್ಯರು ಪುಟವನ್ನು ಎರಡು ಸಲ ಓದಿದರು.

“ಇದನ್ನ ಬರದವರು ಯಾರ್ರೀ?”

“ನಾನ ಬರದೇನ್ರಿ.”

“ನಮ್ಮ ಮಷೀನೂ ಇಷ್ಟ ಛಂದ ಬರೀತಿದ್ದಿಲ್ಲ. ಬರದು ಏನ ಮಾಡಿದ್ರಿ?”

“ಆಕಿಗೇ ಕಳಿಸಿದೆ.”

ವೈದ್ಯರು ನೋಟುಬುಕ್ಕು ಮುಚ್ಚಿ ಅವನ ಕೈಗಿಟ್ಟರು. ಈ ಪುಟ ಬರೆದ ದಿನವೇ ಕರೆತಂದಿದ್ದರೆ ಉಳಿಯುತ್ತಿದ್ದಳು ಎಂದು ಅವರು ಬಾಯಿಬಿಟ್ಟು ಹೇಳಬೇಕಾಗಿಯೂ ಇರಲಿಲ್ಲ.

ಮಗಳು ಕಣ್ಣು ತೆರೆದಾಗ ತಂದೆ ಪಕ್ಕದಲ್ಲಿದ್ದ. “ಐದ ತಿಂಗಳ ರಿಯಾಜ್ ಮಾಡೇನ್ರಿ ಅಪ್ಪಾ. ಈಗ ಎಣಿಸ್ರಿ” ಎಂದು ‘ಸಾ’ ಹಿಡಿದಳು. ಗವಾಯಿ ಮೂರನೆಯ ಬೆರಳು ಮಡಿಸುವಷ್ಟರಲ್ಲಿ ದನಿ ನಿಂತಿತು. “ನಲವತ್ತವ್ವಾ” ಎಂದ. ಅವನು ಜನ್ಮದಲ್ಲಿ ಹೇಳಿದ ಮೊದಲ ಸುಳ್ಳು ಎಣಿಕೆ ಅದು. ಮಗಳು ನಕ್ಕಳು. ಅವಳದೂ ಅವನದೇ ಕಿವಿ. ನಾಲ್ಕನೆಯ ದಿನ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ಗವಾಯಿ ಆ ಆಲ್ಬಮ್ಮನ್ನು ಮತ್ತೆ ಹಾಕಿದ. ಪೆನ್ಸಿಲ್ ಹಿಡಿಯಲಿಲ್ಲ, ಗೋಡೆಯ ಕಡೆ ತಿರುಗಲಿಲ್ಲ. ಈ ಸಲ ಪದಗಳು ಕೇಳಿಸಿದವು. ಆರನೆಯದು ಮೆಟ್ಟಿಲಿನ ಹಾಡು. ಮೂರನೆಯ ಮಹಡಿಯಲ್ಲಿ ಕೋಣೆ ಹಿಡಿದ ಹುಡುಗಿಯೊಬ್ಬಳು ಪ್ರತಿ ಮಹಡಿಯಲ್ಲೂ ನಿಂತು, ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಸುಧಾರಿಸಿಕೊಳ್ಳುತ್ತಾಳೆ. ಮೇಲಿನ ಮನೆಯ ಅಜ್ಜಿ ಅವಳನ್ನು ದಾಟಿ ಹತ್ತಿ ಹೋಗುತ್ತಾಳೆ. ಅದನ್ನು ಕೇಳಿದವರು ನಗುವಂತೆ ಹಾಡಿದ್ದಳು. ಗವಾಯಿಯ ಕಾಲು ತಾನಾಗಿ ತಾಳ ಹಾಕಿತು. ಹಾಡು ಚೆನ್ನಾಗಿತ್ತು. ಅದನ್ನು ಅವಳಿಗೆ ಹೇಳುವ ಕಾಲ ಮೀರಿತ್ತು. ನೋಟುಬುಕ್ಕು ತೆರೆದು ಆರನೆಯ ಹಾಡಿನ ಪುಟ ನೋಡಿದ. ‘ಸಾಲು ಮುಗಿಯುವ ಮೊದಲೇ ನಿಲ್ಲುತ್ತಾಳೆ. ಸೋಮಾರಿತನ’ ಎಂದು ಅವನದೇ ಕೈಬರಹದಲ್ಲಿತ್ತು.

ಗುರುಗಳು ಕತೆ ನಿಲ್ಲಿಸಿ ಗವಸಿನ ದಾರ ಬಿಗಿದರು.

ಗುರುಪಾದ, “ಹಾಗಾದರೆ ಗುರುಗಳೇ, ತಪ್ಪನ್ನು ತಪ್ಪು ಎನ್ನಬಾರದೇ?” ಎಂದ.

“ಎನ್ನಬೇಕು. ಗವಾಯಿ ಹಾಕಿದ ಒಂದು ಗೀಟೂ ಸುಳ್ಳಾಗಿರಲಿಲ್ಲ” ಎಂದರು ಗುರುಗಳು.

ಗುರುಪಾದನ ಕೈ ಜೇಬಿನ ಮೇಲೆಯೇ ಇತ್ತು. ಗುರುಗಳು ಅದನ್ನು ನೋಡಿ ಹೇಳಿದರು:

“ಈಗ ಚೀಟಿ ತೆಗೆ. ಮೌನೇಶ ಹೇಗಿದ್ದಾನೆ, ಅದರಲ್ಲಿ ನೋಡಿ ಹೇಳು.”