ಮಗುಚದ ತಿಪ್ಪೆ

ಹೊಳೆದಂಡೆಯ ಆಶ್ರಮದಲ್ಲಿ ತಿಪ್ಪೆಯ ಕೆಲಸ ಕಾಂತಿಮತಿಯದು. ಧ್ಯಾನಮಂದಿರದ ಯಜಮಾನಿಕೆ ಹಿರಿಯ ಶಿಷ್ಯ ವಾಮದೇವನದು. ಎರಡರಲ್ಲಿ ಯಾವುದು ದೊಡ್ಡದೆಂದು ಯಾರೂ ಕೇಳುತ್ತಿರಲಿಲ್ಲ. ಕೇಳದಿದ್ದರೂ ವಾಮದೇವ ಹೇಳುತ್ತಿದ್ದ.

ಒಂದು ಸಂಜೆ ಕಾಂತಿಮತಿ ಗುರುಗಳ ಗುಡಿಸಲಿಗೆ ನುಗ್ಗಿದಳು. ಗುರು ಒಬ್ಬ ಮುದುಕಿ. ಎಲ್ಲರಿಗೂ ಅವ್ವ.

"ಅವ್ವಾ, ನಾನು ಹೊರಟೆ. ನಿಮ್ಮ ಆಶ್ರಮ ನಿಮಗಿರಲಿ."

"ಸಗಣಿ ಕೈ ತೊಳೆದು ಹೊರಡೇ. ಏನಾಯಿತು?"

"ವಾಮದೇವಣ್ಣ ಎಲ್ಲರೆದುರು ನನ್ನನ್ನು ಮೈಗಳ್ಳಿ ಅಂದರು. ತಿಪ್ಪೆಯನ್ನು ಒಂದು ದಿನವೂ ಮಗುಚಿಲ್ಲವಂತೆ. ನಾಳೆ ಬೆಳಗ್ಗೆ ಎಲ್ಲರ ಕೈಗೂ ಗುದ್ದಲಿ ಕೊಟ್ಟು ತಾವೇ ಮಗುಚಿಸುತ್ತಾರಂತೆ!"

"ಮಗುಚಿದರೆ ಏನು ಹೋಯಿತು?"

"ಏನು ಹೋಯಿತಾ? ಕಾವು ಹೋಗುತ್ತೆ! ಬಡಗಿಯ ಅಂಗಳದಿಂದ ಮರದ ಚಕ್ಕೆ ಹೊತ್ತು ತಂದವಳು ನಾನು. ಸಗಣಿಗೆ ಬೆರೆಸಿ ಒಟ್ಟಿದವಳು ನಾನು. ಚಕ್ಕೆಯ ಸಂದಿಯಲ್ಲಿ ಗಾಳಿಯಾಡುತ್ತೆ, ತನ್ನ ಪಾಡಿಗೆ ತಾನು ಬೇಯುತ್ತೆ. ಅನ್ನಕ್ಕಿಟ್ಟು ಗಳಿಗೆಗೊಮ್ಮೆ ಮುಚ್ಚಳ ತೆಗೀತಾರಾ ಯಾರಾದರೂ?"

"ಇದನ್ನು ಅವನಿಗೆ ಹೇಳಬಾರದಾ?"

"ಹೇಳಿದೆ. 'ಸುಮ್ಮನೆ ಬಿದ್ದಿರೋದರೊಳಗೆ ಏನಮ್ಮ ನಡೆಯುತ್ತೆ' ಅಂತ ನಕ್ಕರು. ಅವರು ಅಲ್ಲಾಡದೆ ಕೂತರೆ ತಪಸ್ಸು. ನನ್ನ ತಿಪ್ಪೆ ಕೂತರೆ ಸೋಮಾರಿತನ! ಯಾವೂರ ನ್ಯಾಯ ಅವ್ವಾ ಇದು?"

ಅವ್ವ ಎದ್ದು ತಿಪ್ಪೆಯ ಬಳಿ ಹೋಗಿ ಮೊಣಕೈವರೆಗೆ ಕೈ ತೂರಿಸಿದರು.

"ಅಬ್ಬಬ್ಬಾ!" ಎಂದು ಸರಕ್ಕನೆ ಹಿಂದಕ್ಕೆಳೆದು ಬೆರಳು ಊದಿಕೊಂಡರು.

ಕೈ ತೊಳೆಯಲಿಲ್ಲ. ನೇರ ಧ್ಯಾನಮಂದಿರಕ್ಕೆ ನಡೆದರು. ಕಾಂತಿಮತಿ ಹಿಂದೆಯೇ ಓಡಿದಳು.

ವಾಮದೇವ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಅವ್ವ ಅವನ ಎರಡೂ ಭುಜ ಹಿಡಿದು ಗೋಡೆಯ ಕಡೆಗೆ ತಿರುಗಿಸಿದರು.

ಅವನು ಉಸಿರೆಳೆದುಕೊಂಡು ಮತ್ತೆ ಸ್ಥಿರನಾದ.

ಅವ್ವ ಬಾಗಿಲ ಕಡೆಗೆ ತಿರುಗಿಸಿದರು.

ಉಳಿದ ಶಿಷ್ಯರೆಲ್ಲ ಒಂದೊಂದೇ ಕಣ್ಣು ತೆರೆದರು.

ಅವನು ಮತ್ತೆ ಸಾವರಿಸಿಕೊಳ್ಳುವಷ್ಟರಲ್ಲಿ ಅವ್ವ ಅವನನ್ನು ಅಂಗಾತ ಕೆಡವಿದರು.

"ಅವ್ವಾ!" ವಾಮದೇವ ಕೆಂಪಗಾಗಿ ಎದ್ದು ಕೂತ. "ಏನಿದು ಹುಡುಗಾಟ? ಈಗಷ್ಟೇ ಒಳಗೆ ಏನೋ ಹತ್ತಿಕೊಳ್ಳುತ್ತಿತ್ತು. ಎಲ್ಲ ತಣ್ಣಗಾಗಿ ಹೋಯಿತು!"

ಅವ್ವ ಸಗಣಿಯ ಕೈಯನ್ನು ಅವನ ಬಿಳಿ ಉತ್ತರೀಯಕ್ಕೆ ನಿಧಾನವಾಗಿ ಒರೆಸಿದರು.

"ಹೌದಾ? ಹೊರಗಿಂದ ನೋಡಿದರೆ ಸುಮ್ಮನೆ ಕೂತ ಹಾಗಿತ್ತಪ್ಪ."