ಕಾಂಡ್ಲದ ಎಲೆಯೊಳಗೆ ಬೂಷ್ಟು

ಭೂಮಿ ಇನ್ನೂ ಹಸಿ ಮಣ್ಣಾಗಿದ್ದಾಗ, ಹೊಳೆಗಳೆಲ್ಲ ಕಡಲಿನ ದಾರಿ ಹುಡುಕುತ್ತಿದ್ದಾಗ, ಬೂಷ್ಟಿಗೆ ಮನೆ ಇರಲಿಲ್ಲ ಮಗಾ. ಕೂತಲ್ಲೆಲ್ಲ ಕೊಳೆಸುವುದೇ ಅದರ ಕೆಲಸ. ಅಂಥವರಿಗೆ ಜಾಗ ಕೊಡುವವರು ಯಾರು? ಮಾವು ಓಡಿಸಿತು. ಹಲಸೂ ಓಡಿಸಿತು. ಗಾಳಿಯಂತೂ ಎತ್ತಿ ಎಸೆಯಿತು.

ಕೊನೆಗೆ ಅದು ಹೊಳೆ ಕಡಲು ಸೇರುವ ಅಳಿವೆಗೆ ಬಂತು. ಅಲ್ಲಿ ಉಪ್ಪು ಕೆಸರಿನಲ್ಲಿ ಕಾಲೂರಿ ಕಾಂಡ್ಲಮರ ನಿಂತಿತ್ತು. ಬಂದವರಿಗೆ ಮೊದಲು ಬೆಲ್ಲ-ನೀರು, ಆಮೇಲೆ ಊರು, ಹೆಸರು. ನಮ್ಮ ಕಡೆಯ ಕ್ರಮ ಗೊತ್ತಲ್ಲ? ಕಾಂಡ್ಲವೂ ತನ್ನ ಎಳೆ ಎಲೆಯ ಸಿಹಿ ಕೊಟ್ಟು, ಬೂಷ್ಟು ಕುಡಿದಾದ ಮೇಲೆ ಕೇಳಿತು.

"ಎಂತ ಕೆಲಸ ಮಾಡ್ತೆ ತಂಗೀ?"

"ಕೊಳೆಸೂದು," ಎಂದು ಬೂಷ್ಟು ತಲೆ ತಗ್ಗಿಸಿತು.

ಮರ ತನ್ನ ಚಿಗುರುಗಳನ್ನೆಲ್ಲ ಒಮ್ಮೆ ನೋಡಿಕೊಂಡಿತು. ಆದರೆ ಬೆಲ್ಲ ಕೊಟ್ಟ ಕೈಯಿಂದ ದೂಡುವುದು ಹೇಗೆ?

"ಈ ಎಲೆಯೊಳಗೇ ಇರು. ಆದ್ರೆ ಇವಳು ಹಸಿರಾಗಿರೋವರೆಗೆ ನಿನ್ನ ಕೆಲಸ ಮಾಡಬಾರ್ದು."

ಬೂಷ್ಟು ಮಾತು ಕೊಟ್ಟಿತು. ಒಳಗೆ ಮುದುಡಿ ಕೂತಿತು. ಹುಳ ಕಚ್ಚಲು ಬಂದರೆ ಕಹಿಯಾಗಿ ಓಡಿಸಿತು. ಅವ್ವನಿಗೆ ತಂಗಿಯಲ್ಲವಾ, ಎಲೆ ಅದನ್ನು "ಚಿಕ್ಕೀ" ಎಂದು ಕರೆಯಿತು. ಹುಟ್ಟಿದಾಗಿನಿಂದ ಬೂಷ್ಟನ್ನು ಯಾರೂ ಹಾಗೆ ಕರೆದಿರಲಿಲ್ಲ. ತನ್ನ ಕೆಲಸವನ್ನೇ ಅದು ಮರೆತುಬಿಟ್ಟಿತು, ಪಾಪ.

ಕಡಲು ಮಾತ್ರ ತನ್ನ ಕೆಲಸ ಮರೆಯಲಿಲ್ಲ. ಉಬ್ಬರ ಬಂದಾಗೆಲ್ಲ ಮರದ ಮೈಗೆ ಉಪ್ಪು ಏರಿತು, ಚಿಗುರುಗಳು ಸುಡತೊಡಗಿದವು.

"ಅವ್ವಾ, ಉಪ್ಪೆಲ್ಲ ನಂಗೆ ಕೊಡು. ಈಗ ನಾನೇ ಹಳಬಳು," ಎಂದಿತು ಎಲೆ.

ಮರ ಅಳುತ್ತಲೇ ಕೊಟ್ಟಿತು. ಎಲೆ ಹಳದಿಯಾಯಿತು.

"ಚಿಕ್ಕೀ, ನೀ ಬೇರೆ ಎಲೆಗೆ ಹೋಗು."

"ನಾ ಹೋಗೂದಿಲ್ಲ," ಎಂದಿತು ಬೂಷ್ಟು.

ಎರಡೂ ಕೂಡಿ ನೀರಿಗೆ ಬಿದ್ದವು. ಏಡಿಮರಿಗಳು, ಸೀಗಡಿಮರಿಗಳು ಹಸಿದು ಬಂದವು. ಕಚ್ಚಿ ನೋಡಿದರೆ ಎಲೆ ಗಟ್ಟಿ.

"ಮಕ್ಕಳು ಹಸಿದಿದಾವೆ. ನನ್ನ ಮೆತ್ತಗೆ ಮಾಡು ಚಿಕ್ಕೀ. ನಿಂಗೆ ಬರ್ತದಲ್ಲ."

"ನಿನ್ನನ್ನಾ?"

"ಬೇರೆಯವರ ಕೈಯಲ್ಲಿ ಬೇಡ."

ಹುಳದಿಂದ ಕಾದ ಕೈಯಿಂದಲೇ ಬೂಷ್ಟು ಎಲೆಯನ್ನು ಕೊಳೆಸಿತು. ನೋವಾಗದ ಹಾಗೆ, ಮೆಲ್ಲಗೆ, ಒಂದೊಂದೇ ಚುಕ್ಕೆ. ಮರಿಗಳು ಹೊಟ್ಟೆ ತುಂಬ ಉಂಡವು. ಬೂಷ್ಟು ಒಂಟಿಯಾಯಿತು.

ಆಗ ಕಾಂಡ್ಲ ಕೊಂಬೆ ಬಗ್ಗಿಸಿತು. "ಬಾ ತಂಗೀ. ಇನ್ನೊಬ್ಬಳು ಹುಟ್ಟಿದಾಳೆ."

ಮುಂದೇನಾಗುತ್ತದೆಂದು ಬೂಷ್ಟಿಗೆ ಈಗ ಗೊತ್ತಿತ್ತು. ಆದರೂ ಹೋಯಿತು.

ಅದಕ್ಕೇ ಮಗಾ, ಹಸಿರು ಕಾಂಡ್ಲದೆಲೆಯನ್ನು ನೀನು ಎಷ್ಟು ತಿರುಗಿಸಿ ನೋಡಿದರೂ ಒಳಗಿರುವ ಬೂಷ್ಟು ಕಾಣುವುದಿಲ್ಲ. ಎಲೆ ಹಳದಿಯಾಗಿ ನೀರಿಗೆ ಬಿದ್ದ ಮೇಲೆಯೇ ಅದು ಕರಿ ಚುಕ್ಕೆಯಾಗಿ ಹೊರಗೆ ಬಂದು, ಕೊನೆಯ ಚೂರು ಕರಗುವವರೆಗೂ ಜೊತೆಗಿರುತ್ತದೆ.